ಪೇಟೆಯಲ್ಲಿ ಮನೆ ಕೊಳ್ಳುವ ಮುನ್ನ: ಆ ಬೆಲೆಯೊಳಗೆ ಯಾರ್ಯಾರಿದ್ದಾರೆ?

ಬೆಂಗಳೂರಿನಲ್ಲಿ ಆಸ್ತಿ ಮಾಡಬೇಕು ಅಂದರೆ ನಮ್ಮ ಪೀಳಿಗೆಯ ಕಣ್ಣು ಹೋಗುವುದು ದೇವನಹಳ್ಳಿ, ಸರ್ಜಾಪುರ, ನೆಲಮಂಗಲದ ಕಡೆಗೆ. ಊರಿನ ಅಂಚಿಗೆ. ಆದರೆ ಇತ್ತೀಚೆಗೆ ಗೆಳೆಯರ ನಡುವೆ ಇನ್ನೊಂದು ಮಾತು ಶುರುವಾಗಿದೆ: "ಪೇಟೆಯಲ್ಲೇ ಒಂದು ಹಳೇ ಮನೆ ತಗೊಂಡ್ರೆ ಹೇಗೆ?"

ಪೇಟೆ ಅಂದರೆ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ಕಾಟನ್‌ಪೇಟೆ, ನಗರ್ತಪೇಟೆ, ತಿಗಳರಪೇಟೆ, ಕಬ್ಬನ್‌ಪೇಟೆ ಎಲ್ಲ ಸೇರಿದ ಆ ಹಳೇ ಊರು. ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ನನ್ನ ಹಾಗೆ ಎಂಜಿನಿಯರಿಂಗ್ ಓದಿದವರು. ಕಾಲೇಜಿನ ಪ್ರಾಜೆಕ್ಟಿಗೆ ಐಸಿ, ರೆಸಿಸ್ಟರ್ ಹುಡುಕಿಕೊಂಡು ಎಸ್.ಪಿ. ರಸ್ತೆಗೆ, ಹಳೇ ಪುಸ್ತಕಕ್ಕೆ ಅವೆನ್ಯೂ ರಸ್ತೆಗೆ ಬಂದು ಹೋದವರು. ನಾನು ನಾಲ್ಕು ವರ್ಷದಿಂದ ಕಬ್ಬನ್‌ಪೇಟೆಯ ಗಲ್ಲಿಯೊಂದರಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇನೆ. ಹಾಗಾಗಿ ಪ್ರಶ್ನೆ ನನ್ನ ಹತ್ತಿರ ಬರುತ್ತದೆ.

ಚಿಕ್ಕ ಉತ್ತರ ಇಷ್ಟು: ಇರೋದಕ್ಕೆ ಪೇಟೆ ಒಳ್ಳೆಯ ಜಾಗ. ಕೊಳ್ಳೋದಕ್ಕೆ ಕಷ್ಟದ ಜಾಗ. ಇಲ್ಲಿ ಒಂದು ಆಸ್ತಿ ಅಗ್ಗಕ್ಕೆ ಸಿಗುತ್ತಿದೆ ಅಂದರೆ ಸಾಮಾನ್ಯವಾಗಿ ಅದರೊಳಗೆ ಇನ್ಯಾರದೋ ಹಕ್ಕು ಕೂತಿರುತ್ತದೆ. ಆ ಹಕ್ಕನ್ನು ನೀವು ಹೇಗೆ ನೋಡುತ್ತೀರಿ ಅನ್ನುವುದರ ಮೇಲೆ ನಿಮ್ಮ ಹೂಡಿಕೆ ಮಾತ್ರವಲ್ಲ, ಊರಿನ ನಡುಭಾಗದಲ್ಲಿ ಮುಂದೆ ಯಾರು ಬದುಕಬಹುದು ಅನ್ನುವುದೂ ನಿಂತಿದೆ. ದೊಡ್ಡ ಉತ್ತರ ಕೆಳಗಿದೆ.

ಮೊದಲು ಈ ಊರನ್ನು ಅರ್ಥ ಮಾಡ್ಕೊಳ್ಳಿ

1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಬೆಂಗಳೂರು ಶುರು ಮಾಡಿದ್ದು ಇಲ್ಲೇ. ಉತ್ತರ-ದಕ್ಷಿಣಕ್ಕೆ ದೊಡ್ಡಪೇಟೆ (ಈಗಿನ ಅವೆನ್ಯೂ ರಸ್ತೆ), ಪೂರ್ವ-ಪಶ್ಚಿಮಕ್ಕೆ ಚಿಕ್ಕಪೇಟೆ. ಈ ಎರಡು ರಸ್ತೆಗಳ ಸುತ್ತ ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ ಅನ್ನುವ ಹೆಸರುಗಳೇ ಕಥೆ ಹೇಳುತ್ತವೆ. ಕೋಟೆ ಹೋಯಿತು, ಆದರೆ ಹಲಸೂರು ಗೇಟ್ ಅನ್ನುವ ಹೆಸರು ಪೊಲೀಸ್ ಠಾಣೆಯ ಬೋರ್ಡಿನಲ್ಲಿ ಉಳಿದಿದೆ.

ಮುಖ್ಯ ವಿಷಯ ಏನೆಂದರೆ, ಇಲ್ಲಿ ಕೆಲಸ ಮತ್ತು ವಾಸ ಒಂದೇ ಕಟ್ಟಡದಲ್ಲಿ ಇದ್ದವು. ಕೆಳಗೆ ಅಂಗಡಿ ಅಥವಾ ಮಗ್ಗ, ಮೇಲೆ ಅಥವಾ ಹಿಂದೆ ಮನೆ. 1898ರ ಪ್ಲೇಗ್ ಆದ ಮೇಲೆ ಅನುಕೂಲಸ್ಥರು ಮಲ್ಲೇಶ್ವರ, ಬಸವನಗುಡಿಯ ಹೊಸ ಬಡಾವಣೆಗಳಿಗೆ ಹೋಗತೊಡಗಿದರು. ಆಮೇಲೆ ಜಯನಗರ, ಆಮೇಲೆ ಇನ್ನೂ ಆಚೆ. ಮಾಲೀಕರು ಮನೆ ಬಿಟ್ಟರು, ಆಸ್ತಿ ಬಿಡಲಿಲ್ಲ. ಇವತ್ತು ಪೇಟೆಯ ಎಷ್ಟೋ ಕಟ್ಟಡಗಳ ಮಾಲೀಕರು ಬೇರೆ ಕಡೆ ಇರುತ್ತಾರೆ. ಒಳಗಿರುವವರು ಬಾಡಿಗೆದಾರರು, ಅವರ ಕೆಲಸಗಾರರು, ಮತ್ತು ಕಾರ್ಟನ್ ಬಾಕ್ಸುಗಳು.

ಇರೋದಕ್ಕೆ ಹೇಗಿದೆ?

ನಿಜ ಹೇಳಬೇಕಂದ್ರೆ, ಚೆನ್ನಾಗಿದೆ. ಹಸಿರು ಮಾರ್ಗದ ಚಿಕ್ಕಪೇಟೆ ಮತ್ತು ಕೆ.ಆರ್. ಮಾರುಕಟ್ಟೆ ನಿಲ್ದಾಣಗಳು 2017ರ ಜೂನ್‌ನಲ್ಲಿ ತೆರೆದವು. ಚಿಕ್ಕಪೇಟೆಯಿಂದ ಒಂದೇ ಸ್ಟಾಪು ಹೋದರೆ ಮೆಜೆಸ್ಟಿಕ್, ಅಲ್ಲಿ ನೇರಳೆ ಮಾರ್ಗ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಲ್ಲಿ ಬದಲಾಯಿಸಿ ಎಲೆಕ್ಟ್ರಾನಿಕ್ ಸಿಟಿಗೂ ಹೋಗಬಹುದು. ವೈಟ್‌ಫೀಲ್ಡ್, ನಾಗಸಂದ್ರ, ಬೊಮ್ಮಸಂದ್ರ ಮೂರೂ ದಿಕ್ಕಿಗೆ ಮೆಟ್ರೊ ಸಿಗುವಂಥ ಜಾಗ ಈ ಊರಲ್ಲಿ ಕೆಲವೇ ಕೆಲವು. ಕಾರು ಬೇಕಾಗಿಲ್ಲ. ಇದ್ದರೆ ನಿಲ್ಲಿಸೋದಕ್ಕೆ ಜಾಗವೂ ಇಲ್ಲ.

ತರಕಾರಿ, ಹೂವು, ಔಷಧಿ, ಬಟ್ಟೆ, ವೈರು, ಬಲ್ಬು ಎಲ್ಲ ನಡೆದು ಹೋಗುವ ದೂರದಲ್ಲಿ, ಸಗಟು ಬೆಲೆಗೆ. ಕನ್ನಡ, ತಮಿಳು, ತೆಲುಗು, ಉರ್ದು, ಮರಾಠಿ, ಮಾರ್ವಾಡಿ ಒಂದೇ ಗಲ್ಲಿಯಲ್ಲಿ ಕೇಳಿಸುತ್ತವೆ. ತಿಗಳರಪೇಟೆಯ ಧರ್ಮರಾಯ ಗುಡಿಯಿಂದ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಬರುವ ರಾತ್ರಿ ಇಡೀ ಪೇಟೆ ಎಚ್ಚರ ಇರುತ್ತದೆ.

ಕಷ್ಟಗಳೂ ಇವೆ. ಗಲ್ಲಿಯ ಮನೆಗಳಿಗೆ ಬೆಳಕು ಕಡಿಮೆ. ಹಗಲು ಲೋಡಿಂಗ್ ಗದ್ದಲ, ರಾತ್ರಿ ಒಂಬತ್ತರ ಮೇಲೆ ಇದ್ದಕ್ಕಿದ್ದಂತೆ ನಿರ್ಜನ. ತಡರಾತ್ರಿ ಶಿಫ್ಟ್ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಆ ನಿರ್ಜನತೆ ಸಣ್ಣ ವಿಷಯ ಅಲ್ಲ. ಗಲ್ಲಿಯಲ್ಲಿ ಇನ್ನಷ್ಟು ಮನೆಗಳಿದ್ದರೆ ಇನ್ನಷ್ಟು ದೀಪ ಉರಿಯುತ್ತಿದ್ದವು. ಹಾಗಾದರೆ ಮನೆಗಳು ಯಾಕೆ ಕಡಿಮೆಯಾಗುತ್ತಿವೆ?

ಕ್ಯಾಲ್ಕುಲೇಟರ್ ಹೇಳುವ ಕಥೆ

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಇದು ಮಾರುಕಟ್ಟೆ ದರ ಅಲ್ಲ. 20x30 ಅಡಿಯ ಒಂದು ಹಳೇ ಮನೆಗೆ ಒಂದೂವರೆ ಕೋಟಿ ಕೊಟ್ಟಿರಿ ಅಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿ ಶೇ 7.6. ಅಂದರೆ 11.4 ಲಕ್ಷ ರೂಪಾಯಿ ಬಾಗಿಲಲ್ಲೇ ಹೋಯಿತು.

ಅದನ್ನು ಕುಟುಂಬಕ್ಕೆ ತಿಂಗಳಿಗೆ 25,000ಕ್ಕೆ ಬಾಡಿಗೆ ಕೊಟ್ಟರೆ ವರ್ಷಕ್ಕೆ 3 ಲಕ್ಷ, ಹೂಡಿಕೆಯ ಮೇಲೆ ಶೇ 2. ನೋಂದಣಿಯ ಖರ್ಚು ವಾಪಸ್ ಬರೋದಕ್ಕೇ ಸುಮಾರು ನಾಲ್ಕು ವರ್ಷ ಬೇಕು. ಬ್ಯಾಂಕ್ ಸಾಲದ ಬಡ್ಡಿ ಶೇ 8ರ ಆಸುಪಾಸು ಇದ್ದರೆ ಪ್ರತಿ ತಿಂಗಳೂ ನಷ್ಟ.

ಅದೇ ಕಟ್ಟಡದ ನೆಲಮಹಡಿಯನ್ನು ಅಂಗಡಿ ಮಾಡಿ 40,000ಕ್ಕೆ, ಮೇಲಿನದನ್ನು ಗೋದಾಮು ಮಾಡಿ 20,000ಕ್ಕೆ ಕೊಟ್ಟರೆ ವರ್ಷಕ್ಕೆ 7.2 ಲಕ್ಷ, ಶೇ 4.8. ಗೋದಾಮಿಗೆ ಕಾವೇರಿ ನೀರು ಬೇಡ, ಬಣ್ಣ ಬೇಡ, ಕಿಟಕಿ ಕೂಡ ಬೇಡ. ಸೋರುವ ನಲ್ಲಿಯ ಬಗ್ಗೆ ಅದು ರಾತ್ರಿ ಹತ್ತಕ್ಕೆ ಫೋನ್ ಮಾಡೋದಿಲ್ಲ.

ಪೇಟೆಯ ಮನೆಗಳು ಖಾಲಿಯಾಗುತ್ತಿರುವುದಕ್ಕೆ ಯಾರ ಪಿತೂರಿಯೂ ಬೇಕಿಲ್ಲ. ಪ್ರತಿಯೊಬ್ಬ ಮಾಲೀಕನೂ ಕ್ಯಾಲ್ಕುಲೇಟರ್ ನೋಡಿ ಇದನ್ನೇ ಮಾಡುತ್ತಾನೆ. ಮಾರುವವನೂ ಅದೇ ಲೆಕ್ಕದಲ್ಲಿ, ಅಂಗಡಿ-ಗೋದಾಮಿನ ಬೆಲೆ ಹೇಳುತ್ತಾನೆ. ಮನೆ ಅಂತ ಕೊಳ್ಳಲು ಹೋದ ನೀವು ಗೋದಾಮಿನ ಜೊತೆ ಪೈಪೋಟಿಗೆ ಇಳಿದಿರುತ್ತೀರಿ.

ಅಗ್ಗಕ್ಕೆ ಸಿಕ್ಕರೆ?

ಆಗಾಗ ಒಂದು ಆಸ್ತಿ ಪಕ್ಕದ್ದಕ್ಕಿಂತ ಅರ್ಧ ಬೆಲೆಗೆ ಬರುತ್ತದೆ. ಬ್ರೋಕರ್ ಹೇಳ್ತಾನೆ: "ಸಣ್ಣ ಸಮಸ್ಯೆ ಇದೆ ಸಾರ್, ಸರಿ ಮಾಡ್ಕೋಬಹುದು." ಆ ಸಣ್ಣ ಸಮಸ್ಯೆ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು.

ಒಂದು, ವಾರಸುದಾರರು. ಅಜ್ಜನ ಹೆಸರಲ್ಲಿದ್ದ ಮನೆ, ಭಾಗ ಆಗಿಲ್ಲ, ಮಾರುತ್ತಿರುವವರು ಇಬ್ಬರು ಗಂಡುಮಕ್ಕಳು. ಹೆಣ್ಣುಮಕ್ಕಳು ಎಲ್ಲಿ? ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಸಮಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಆ ತಿದ್ದುಪಡಿ ಬರುವಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟ ಮಾಡಿತು. "ಅಕ್ಕಂದಿರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ" ಅನ್ನುವುದು ಕಾನೂನಲ್ಲ, ಸಬೂಬು. ಆ ಸಹಿಗಳು ಇಲ್ಲದ ಕಾರಣಕ್ಕೇ ಬೆಲೆ ಕಡಿಮೆ. ನಿಮಗೆ ಸಿಗುತ್ತಿರುವ ರಿಯಾಯಿತಿ ಆ ಅಕ್ಕಂದಿರ ಪಾಲು.

ಎರಡು, ಬಾಡಿಗೆದಾರ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯಲ್ಲಿ ಜಾರಿಯಾಯಿತು. ಅದು ದೊಡ್ಡ ವಾಣಿಜ್ಯ ಜಾಗಗಳನ್ನೂ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಜಾಗಗಳನ್ನೂ ಹೊರಗಿಟ್ಟಿತು. ಆದರೆ 14 ಚದರ ಮೀಟರ್‌ವರೆಗಿನ ಅಂಗಡಿಗಳನ್ನು ಒಳಗೆ ಉಳಿಸಿಕೊಂಡಿತು. 14 ಚದರ ಮೀಟರ್ ಅಂದರೆ ಸುಮಾರು 150 ಚದರ ಅಡಿ, ಅಂದರೆ ಪೇಟೆಯ ಮಾಮೂಲಿ ಸಣ್ಣ ಅಂಗಡಿ. ಹಳೇ ಬಾಡಿಗೆಯಲ್ಲಿ ಕೂತ ಬೀಗ ರಿಪೇರಿಯವನನ್ನೋ ದರ್ಜಿಯನ್ನೋ ಹೊಸ ಮಾಲೀಕ ಬಂದ ಮಾತ್ರಕ್ಕೆ ಎಬ್ಬಿಸಲು ಆಗುವುದಿಲ್ಲ. ಕಾಯ್ದೆಯಲ್ಲಿ ಹೇಳಿದ ಕಾರಣ ಇರಬೇಕು, ಕೋರ್ಟಿನ ಆದೇಶ ಬೇಕು. ಕಾಯ್ದೆಯ ಹೊರಗಿರುವ ಬಾಡಿಗೆದಾರನನ್ನೂ ನೋಟಿಸು ಕೊಟ್ಟು, ದಾವೆ ಹೂಡಿಯೇ ಬಿಡಿಸಬೇಕು. ಬ್ರೋಕರ್ "ನಾವು ಖಾಲಿ ಮಾಡಿಸಿ ಕೊಡ್ತೀವಿ" ಅಂದರೆ ಹೇಗೆ ಅಂತ ಕೇಳಿ. ಕರೆಂಟ್ ಕಟ್ ಮಾಡಿ, ಛಾವಣಿ ಸೋರಲು ಬಿಟ್ಟು, ಬಾಗಿಲ ಮುಂದೆ ಇಟ್ಟಿಗೆ ಸುರಿದು ಅನ್ನುವುದೇ ಉತ್ತರವಾದರೆ ಆ ಕೆಲಸಕ್ಕೂ ನೀವೇ ದುಡ್ಡು ಕೊಡುತ್ತಿದ್ದೀರಿ.

ಮೂರು, ಸಂಸ್ಥೆಗಳು. ಗುಡಿ, ಮಸೀದಿ, ದರ್ಗಾ, ಛತ್ರ, ಸಮುದಾಯದ ಟ್ರಸ್ಟುಗಳಿಗೆ ಸೇರಿದ ಆಸ್ತಿ ಪೇಟೆಯಲ್ಲಿ ಸಾಕಷ್ಟಿದೆ. ವಕ್ಫ್ ಆಸ್ತಿಯನ್ನು ಮಾರುವಂತಿಲ್ಲ. ಮುಜರಾಯಿ ಮತ್ತು ಟ್ರಸ್ಟ್ ಆಸ್ತಿಗೆ ತಮ್ಮದೇ ನಿಯಮಗಳಿವೆ. ತಲೆಮಾರುಗಳಿಂದ ಬಾಡಿಗೆಗಿದ್ದವರು "ನಮ್ಮದೇ" ಅಂತ ಮಾರಲು ಹೊರಟಿರಬಹುದು.

ನಾಲ್ಕು, ಪಕ್ಕದ ಮನೆ. ಇಲ್ಲಿ ಎಷ್ಟೋ ಕಡೆ ಎರಡು ಮನೆಗಳಿಗೆ ಒಂದೇ ಗೋಡೆ. ನಿಮ್ಮದನ್ನು ಕೆಡವಿದರೆ ಅವರದ್ದು ಬಿರುಕು ಬಿಡುತ್ತದೆ. 20 ವರ್ಷ ಅಡ್ಡಿಯಿಲ್ಲದೆ ಪಡೆದ ಗಾಳಿ-ಬೆಳಕು, ಓಡಾಟದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆಯಡಿ ಹಕ್ಕು ಹುಟ್ಟುತ್ತದೆ. ಇದರ ಜೊತೆಗೆ, ನಗರದ ಮಹಾಯೋಜನೆಯ ನಿಯಮದಲ್ಲಿ ಎಷ್ಟು ಕಟ್ಟಬಹುದು ಅನ್ನುವುದು ಸೈಟಿನ ಅಳತೆ ಮತ್ತು ಮುಂದಿನ ರಸ್ತೆಯ ಅಗಲದ ಮೇಲೆ ನಿಂತಿದೆ. ಗಲ್ಲಿಯ ಸೈಟಿನಲ್ಲಿ ಐದು ಮಹಡಿಯ ಕನಸು ಕಾಣುವವರು ಮೊದಲು ಟೇಪ್ ಹಿಡಿದು ಗಲ್ಲಿ ಅಳೆಯಬೇಕು.

ಕಾಗದದ ಕೆಲಸ

ಇಷ್ಟಾದರೂ ಕೊಳ್ಳಲೇಬೇಕು ಅನ್ನುವವರಿಗೆ ಕೆಲವು ಮಾತು. ಇ-ಖಾತಾ ಈಗ ನೋಂದಣಿಗೆ ಕಡ್ಡಾಯ, ಆದರೆ ಖಾತಾ ತೆರಿಗೆ ದಾಖಲೆ ಮಾತ್ರ, ಮಾಲೀಕತ್ವದ ಪತ್ರ ಅಲ್ಲ. ಋಣಭಾರ ಪ್ರಮಾಣಪತ್ರ ಆನ್‌ಲೈನ್‌ನಲ್ಲಿ ಸಿಗುವುದು 2004ರಿಂದ ಈಚಿನದು. ಪೇಟೆಯ ಆಸ್ತಿಗಳ ಜಗಳ ಅದಕ್ಕಿಂತ ಹಳೆಯದು. ಉಪನೋಂದಣಾಧಿಕಾರಿ ಕಚೇರಿಯ ಹಳೇ ಪುಸ್ತಕಗಳಿಂದ ದಾಖಲೆ ತೆಗೆಸಿ. ಇ-ಕೋರ್ಟ್ಸ್‌ನಲ್ಲಿ ಮಾರುವವರ ಹೆಸರು, ಅವರ ಅಣ್ಣತಮ್ಮ-ಅಕ್ಕತಂಗಿಯರ ಹೆಸರು ಹಾಕಿ ಹುಡುಕಿ. ಕೇಸು ನಡೆಯುತ್ತಿರುವಾಗ ಕೊಂಡರೆ ತೀರ್ಪು ನಿಮಗೂ ಅಂಟಿಕೊಳ್ಳುತ್ತದೆ.

ಹಕ್ಕು ಗೊಂದಲ ಇರುವ, ಮಂಜೂರಾದ ನಕ್ಷೆ ಇಲ್ಲದ ಕಟ್ಟಡಕ್ಕೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಆಗ "ಅರ್ಧ ಕ್ಯಾಶ್" ಮಾತು ಬರುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಮೇಲಾಗಿ, ಮುಂದೆ ವ್ಯವಹಾರ ಕೆಟ್ಟರೆ ಆ ಅರ್ಧಕ್ಕೆ ನಿಮ್ಮ ಹತ್ತಿರ ಸಾಕ್ಷಿಯೇ ಇರುವುದಿಲ್ಲ.

ಕೊಳ್ಳುವಷ್ಟು ದುಡ್ಡಿಲ್ಲದವರಿಗೆ ಇಲ್ಲಿ ಭೋಗ್ಯ ಇದೆ: ಒಂದಷ್ಟು ಲಕ್ಷ ಒಟ್ಟಿಗೆ ಕೊಟ್ಟು, ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ವಾಪಸ್ ಪಡೆಯುವುದು. ಕೇಳೋಕೆ ಚೆನ್ನಾಗಿದೆ. ಲೆಕ್ಕದಲ್ಲಿ ಇದು ನೀವು ಮಾಲೀಕರಿಗೆ ಕೊಟ್ಟ ಸಾಲ, ಬಡ್ಡಿಯ ಬದಲು ವಾಸ. ಮಾಲೀಕರ ಬಳಿ ದುಡ್ಡು ಇಲ್ಲದಿದ್ದರೆ, ಅಥವಾ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ, ಅಸಲೇ ಸಿಕ್ಕಿಬೀಳುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು. ಛಾಪಾ ಕಾಗದದ ಮೇಲೆ ಬರೆದು ಇಬ್ಬರು ಸಹಿ ಹಾಕಿದರೆ ಸಾಲದು.

ಮೇಲೆ ಮನೆ, ಕೆಳಗೆ ದಾಸ್ತಾನು

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ಅಪಾಯ. ಇದಕ್ಕಿಂತ ದೊಡ್ಡದು ಜೀವದ ಅಪಾಯ.

2025ರ ಆಗಸ್ಟ್ 16ರ ನಸುಕಿನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ಐವರು ಸತ್ತರು, ಅವರಲ್ಲಿ ಇಬ್ಬರು ಮಕ್ಕಳು. 2021ರ ಸೆಪ್ಟೆಂಬರ್‌ನಲ್ಲಿ ನ್ಯೂ ತರಗುಪೇಟೆಯ ಗೋದಾಮಿನಲ್ಲಿ ಪಟಾಕಿ ಸ್ಫೋಟಿಸಿ ಜೀವಗಳು ಹೋಗಿದ್ದವು. ಪ್ರತಿ ಸಲವೂ ಆಮೇಲೆ ನೋಟಿಸು, ತಪಾಸಣೆ, ಹೇಳಿಕೆ.

ಅಪಾಯ ಹುಟ್ಟುವುದು ಮೇಲೆ ಹೇಳಿದ ಅದೇ ಕ್ಯಾಲ್ಕುಲೇಟರ್‌ನಿಂದ. ಒಂದು ಮಹಡಿ ಗೋದಾಮಾದಾಗ ಕಟ್ಟಡದೊಳಗೆ ಪ್ಲಾಸ್ಟಿಕ್, ಬಟ್ಟೆ, ಥರ್ಮೋಕೋಲ್ ತುಂಬುತ್ತದೆ. ಮೀಟರ್ ಬೋರ್ಡು ಮತ್ತು ಮೆಟ್ಟಿಲು ಅದೇ ಒಂದೂವರೆ ಮೀಟರ್ ಜಾಗದಲ್ಲಿ. ಬೆಂಕಿ ಹೊಗೆಯಾಗಿ ಮೇಲೇರಲು ಇರುವ ದಾರಿಯೂ ಮೇಲಿನವರು ಇಳಿದು ತಪ್ಪಿಸಿಕೊಳ್ಳಲು ಇರುವ ದಾರಿಯೂ ಒಂದೇ. ಅಗ್ನಿಶಾಮಕ ವಾಹನ ಗಲ್ಲಿಯ ಬಾಯಲ್ಲೇ ನಿಲ್ಲಬೇಕು. ಬಾಡಿಗೆಗೆ ಬರುವವರೂ ಕೊಳ್ಳುವವರೂ ಮೊದಲು ನೋಡಬೇಕಾದದ್ದು ಇದನ್ನು: ಕೆಳಗಡೆ ಏನು ಇಟ್ಟಿದ್ದಾರೆ, ಟೆರೇಸಿನ ಬೀಗದ ಕೀ ಯಾರ ಹತ್ತಿರ ಇದೆ, ಪಕ್ಕದ ಟೆರೇಸಿಗೆ ದಾಟಬಹುದಾ. ಬಾಡಿಗೆ ಮಾತಾಡುವ ಮೊದಲು ಈ ಮೂರು ಪ್ರಶ್ನೆ ಕೇಳಿ.

ಇದು ರಾಜಕೀಯದ ಪ್ರಶ್ನೆ

ಹಾಗಾದರೆ ಪೇಟೆಯನ್ನು ಪೂರ್ತಿ ವ್ಯಾಪಾರಕ್ಕೆ ಬಿಟ್ಟು ಜನ ಹೊರಗೆ ಹೋಗಲಿ ಅನ್ನಬಹುದಾ? ಅನ್ನಬಹುದು, ಆದರೆ ಅದರ ಬೆಲೆ ಊರೆಲ್ಲ ಕೊಡುತ್ತದೆ. ಮೂರು ದಿಕ್ಕಿಗೆ ಮೆಟ್ರೊ ಇರುವ ಜಾಗದಲ್ಲಿ ಬಾಕ್ಸುಗಳನ್ನು ಮಲಗಿಸಿ, ಮನುಷ್ಯರನ್ನು ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ನಿಲ್ಲಿಸುವುದು ಯಾವ ಯೋಜನೆ? ಮೆಟ್ರೊ ಕಟ್ಟಿದ್ದು ನಮ್ಮ ದುಡ್ಡಲ್ಲಿ. ಅದರಿಂದ ಏರಿದ ನೆಲದ ಬೆಲೆ ಹೋಗುತ್ತಿರುವುದು ಗೋದಾಮಿನ ಬಾಡಿಗೆಗೆ.

ಇನ್ನೊಂದು ವಿಷಯ. ಹಗಲು ಪೇಟೆಯಲ್ಲಿ ದುಡಿಯುವ ಸಾವಿರಾರು ಜನ, ಹಮಾಲರು, ಅಂಗಡಿ ಹುಡುಗರು, ಹೂವಿನವರು, ಬಹುಪಾಲು ಬೇರೆ ಕಡೆಯ ಮತದಾರರು. ಮನೆಗಳು ಕಡಿಮೆಯಾದ ಹಾಗೆ ಇಲ್ಲಿನ ವೋಟುಗಳೂ ಕಡಿಮೆಯಾಗುತ್ತವೆ. ಕಾರ್ಟನ್ ಬಾಕ್ಸಿಗೆ ವೋಟಿಲ್ಲ. ವೋಟಿಲ್ಲದ ಗಲ್ಲಿಗೆ ದೀಪ, ಚರಂಡಿ, ಫೈರ್ ಹೈಡ್ರಂಟ್ ಕೇಳುವವರು ಯಾರು? ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲಂತೂ ವರ್ಷಗಟ್ಟಲೆ ದೂರು ಹೇಳಿಕೊಳ್ಳಲು ಕಾರ್ಪೊರೇಟರ್ ಕೂಡ ಇರಲಿಲ್ಲ. ಈಗ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಅವುಗಳ ಮುಂದೆ ಇಡಬಹುದಾದ ಬೇಡಿಕೆಗಳು ದೊಡ್ಡವೇನಲ್ಲ.

ಕಟ್ಟಡವಾರು ಅಗ್ನಿ ತಪಾಸಣೆ ಮಾಡಿ, ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಹಾಕಿ. ಮನೆ ಇರುವ ಕಟ್ಟಡದಲ್ಲಿ ಸುಲಭವಾಗಿ ಹೊತ್ತಿಕೊಳ್ಳುವ ಸರಕಿನ ದಾಸ್ತಾನು ನಿಲ್ಲಿಸಿ; ಅಂಗಡಿ ಇರಲಿ, ಸ್ಟಾಕು ಊರ ಹೊರಗಿನ ಗೋದಾಮಿನಲ್ಲಿರಲಿ. ವಾಸಕ್ಕೆ ಉಳಿಸಿಕೊಂಡ ಮಹಡಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಹಳೇ ಮನೆ ರಿಪೇರಿಗೆ ಸಾಲ ಕೊಡಿ. ಕೆಡವಿ ಕಟ್ಟಲು ಅನುಮತಿ ಕೊಡುವಾಗ ಒಳಗಿರುವ ಬಾಡಿಗೆದಾರರ ಪಟ್ಟಿ ಕೇಳಿ. ಮುಂಬೈನಲ್ಲಿ ಹಳೇ ಸೆಸ್ ಕಟ್ಟಡಗಳನ್ನು ಮರುನಿರ್ಮಾಣ ಮಾಡುವಾಗ ಹಳೇ ಬಾಡಿಗೆದಾರನಿಗೆ ಹೊಸ ಕಟ್ಟಡದಲ್ಲಿ ಕನಿಷ್ಠ 300 ಚದರ ಅಡಿಯ ಮನೆ ಕೊಡಬೇಕು ಅನ್ನುವ ನಿಯಮ ಇದೆ. ಅಲ್ಲಿ ಬಿಲ್ಡರ್‌ಗಳ ಆಟವೂ ಸಾಕಷ್ಟಿದೆ, ಆದರೆ ಬಾಡಿಗೆದಾರ ನಕ್ಷೆಯಲ್ಲಿ ಇದ್ದಾನೆ. ನಮ್ಮಲ್ಲಿ ಅವನು ಕಾಣಿಸುವುದು ಕೋರ್ಟಿನ ಕಡತದಲ್ಲಿ.

ಪೇಟೆಗೆ ಬರಬೇಕು ಅಂತಿರುವ ಗೆಳೆಯರಿಗೆ ನಾನು ಹೇಳುವುದು ಇದು: ಮೊದಲು ಒಂದು ವರ್ಷ ಬಾಡಿಗೆಗೆ ಬನ್ನಿ. ಮತದಾರರ ಪಟ್ಟಿಯಲ್ಲಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಿ. ಗಲ್ಲಿಯ ಜನರ ಪರಿಚಯ ಆಗಲಿ, ಯಾವ ಗೋಡೆ ಯಾರದ್ದು ಅಂತ ಗೊತ್ತಾಗಲಿ. ಆಮೇಲೂ ಕೊಳ್ಳಬೇಕು ಅನ್ನಿಸಿದರೆ ಎಲ್ಲ ಅಕ್ಕಂದಿರ ಸಹಿ ಇರುವ, ಬಾಡಿಗೆದಾರರ ಜೊತೆ ಕೂತು ಮಾತಾಡಿ ಬಗೆಹರಿಸಿದ ಮನೆಯನ್ನು ಕೊಳ್ಳಿ. ಅದು ಅಗ್ಗಕ್ಕೆ ಸಿಗುವುದಿಲ್ಲ. ಆದರೆ ನಿಮ್ಮ ರಿಯಾಯಿತಿಯನ್ನು ಇನ್ಯಾರೋ ಕಟ್ಟಿಕೊಡಬೇಕಾಗುವುದೂ ಇಲ್ಲ.